ಟಿಕೆಟ್ ಕಿಟಕಿಯ ಹುಡುಗಿ

ಭಾನುವಾರ ಹನ್ನೊಂದು ಗಂಟೆಗೆ ನಮ್ಮ ಸ್ಟುಡಿಯೋದ ಷಟರನ್ನು ನಾನು ಅರ್ಧ ಮಾತ್ರ ಎತ್ತುತ್ತೇನೆ. ಪೂರ್ತಿ ಎತ್ತಿದರೆ ಯಾರಾದರೂ ಪಾಸ್‌ಪೋರ್ಟ್ ಫೋಟೋ ತೆಗೆಸಲು ಬಂದು ಬಾಚಣಿಗೆ ಕೇಳುತ್ತಾರೆ. ಅರ್ಧ ಷಟರಿನ ಕೆಳಗೆ ಬಗ್ಗಿ ಒಳಗೆ ಬಂದರೆ ಅವರು ಆಟಕ್ಕೆ ಬಂದವರು ಎಂದೇ ಅರ್ಥ.

ಆಟ ಸುಲಭ. ಯಾವುದೋ ಹಳೆಯ ಸಿನಿಮಾದ ಒಂದು ಸ್ಟಿಲ್, ಅಂದರೆ ಓಡದೆ ನಿಂತ ಒಂದೇ ಒಂದು ಚಿತ್ರ, ಪ್ರೊಜೆಕ್ಟರಿನಿಂದ ಗೋಡೆಯ ಬಿಳಿ ಪರದೆಯ ಮೇಲೆ ಬೀಳುತ್ತದೆ. ಪರದೆ ಬೇರೇನಲ್ಲ, ಫೋಟೋ ತೆಗೆಯುವಾಗ ಜನರ ಬೆನ್ನ ಹಿಂದೆ ಇಳಿಬಿಡುವುದೇ. ಸುಳಿವಿಲ್ಲದೆ ಸಿನಿಮಾದ ಹೆಸರು ಹೇಳಿದರೆ ಹತ್ತು ಅಂಕ. ಒಂದು ಸುಳಿವು ಕೇಳಿದರೆ ಏಳು, ಎರಡು ಕೇಳಿದರೆ ನಾಲ್ಕು. ಮೂರು ಸುಳಿವು ಕೊಟ್ಟ ಮೇಲೂ ತಲೆ ಕೆರೆಯುತ್ತ ಕೂತವರು ಎದುರಿನ ಅಂಗಡಿಯಿಂದ ಎಲ್ಲರಿಗೂ ಟೀ ತರಬೇಕು. ಸ್ಟಿಲ್ ಹುಡುಕುವವಳು, ಸುಳಿವು ಬರೆಯುವವಳು, ಅಂಕ ಹಾಕುವವಳು, ಜಗಳ ಬಿಡಿಸುವವಳು ಎಲ್ಲ ನಾನೇ. ನಾಯಕ ನಾಯಕಿಯರ ಮುಖವಿರುವ ಸ್ಟಿಲ್ಲನ್ನು ನಾನು ಹಾಕುವುದೇ ಇಲ್ಲ. ಅದು ಹತ್ತು ಅಂಕ ದಾನ ಮಾಡಿದ ಹಾಗೆ. ಒಂದು ಒದ್ದೆ ಕೊಡೆ, ಅರ್ಧ ತೆರೆದ ಬೀರು, ಊಟದ ಮೇಜಿನ ಮೇಲೆ ಯಾರದೋ ಒಂದು ಕೈ, ಇಂಥವೇ ನನಗಿಷ್ಟ.

ಖಾಯಂ ಆಟಗಾರರು ಇಬ್ಬರು. ಒಬ್ಬರು ಗಡಿಯಾರದ ಮಾಮ. ಎರಡು ಅಂಗಡಿ ಆಚೆ ಗಡಿಯಾರ ರಿಪೇರಿ ಮಾಡುತ್ತಾರೆ. ಯಾವ ಸಿನಿಮಾ ಎಷ್ಟು ಸಲ ನೋಡಿದೆ, ಯಾವ ಸೀಟಿನಲ್ಲಿ ಕೂತು ನೋಡಿದೆ, ಎಲ್ಲ ಬಾಯಿಪಾಠ. ಇನ್ನೊಬ್ಬರು ಆಪರೇಟರ್ ತಾತ. ಬೀದಿಯ ಮೂಲೆಯಲ್ಲಿ ಈಗ ಕುರ್ಚಿ ಮೇಜುಗಳ ಗೋಡೌನ್ ಆಗಿರುವ ಟಾಕೀಸಿನಲ್ಲಿ ಮೂವತ್ತೊಂದು ವರ್ಷ ಸಿನಿಮಾ ಓಡಿಸಿದವರು. ಅವರ ಜ್ಞಾನ ಮಾತ್ರ ವಿಚಿತ್ರ. ಒಂದು ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದಂತೆ. ಅದು ಕಂಡ ಕೂಡಲೇ ಪಕ್ಕದ ಯಂತ್ರ ಶುರು ಮಾಡಬೇಕು. ಹಾಗಾಗಿ ಪ್ರತಿ ರೀಲಿನ ಕೊನೆಯ ನಿಮಿಷವನ್ನು ಮಾತ್ರ ಅವರು ಕಣ್ಣಿಟ್ಟು ನೋಡಿದ್ದು.

“ನಡುವೆ ಯಾರು ಯಾರನ್ನ ಮದುವೆ ಆದ್ರೋ ನಂಗೊತ್ತಿಲ್ಲಮ್ಮ,” ಎನ್ನುತ್ತಾರೆ. “ಕೊನೇಲಿ ಬಾಗಿಲಲ್ಲಿ ಯಾರು ನಿಂತಿದ್ರು ಅಂತ ಕೇಳು, ಹೇಳ್ತೀನಿ.”

ಆದ್ದರಿಂದ ಅವರ ಉತ್ತರಗಳೆಲ್ಲ “ಐದನೇ ರೀಲಿನ ಕೊನೆ! ಹೆಸರು ಬಾಯಲ್ಲೇ ಇದೆ!” ಎಂಬ ಜಾತಿಯವು. ವಾರಕ್ಕೆ ಎರಡು ಸಲವಾದರೂ ಟೀ ತರುತ್ತಾರೆ.

ಇವರ ಜೊತೆ ಅತ್ತೆ ಬರುತ್ತಾರೆ. ನನ್ನ ಅಪ್ಪನ ಅಕ್ಕ. ಸ್ಟುಡಿಯೋದ ಮೇಲಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ, ಬೀದಿಗೆಲ್ಲ ಟೈಲರಮ್ಮ. ಕೆಳಗೆ ಬೆಳಕು ಚೆನ್ನಾಗಿದೆ ಎಂಬ ನೆಪದಲ್ಲಿ ಶರ್ಟು, ಗುಂಡಿ, ಸೂಜಿ ಹಿಡಿದು ಬಂದು ಮೂಲೆಯಲ್ಲಿ ಕೂರುತ್ತಾರೆ. ಕೊರಳಲ್ಲಿ ಅಳತೆ ಟೇಪು ಇದ್ದೇ ಇರುತ್ತದೆ. ಊಟಕ್ಕೆ ಕೂತಾಗಲೂ ತೆಗೆಯುವುದು ಮರೆತು ಅದರ ತುದಿ ಸಾರಿನಲ್ಲಿ ಅದ್ದಿಕೊಳ್ಳುತ್ತಾರೆ. ಆಟದಲ್ಲಿ ಮಾತ್ರ ಅವರು ಒಮ್ಮೆಯೂ ಉತ್ತರ ಹೇಳಿದವರಲ್ಲ.

ಅದಕ್ಕೆ ಕಾರಣ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅತ್ತೆ ತಮಗೆ ಹೊಲಿಗೆ ಕಲಿಸಿದ ಮೇಷ್ಟ್ರ ಜೊತೆ ‘ಸೇತುವೆ ಪಕ್ಕದ ಮನೆ’ ಎಂಬ ಸಿನಿಮಾದ ಶೂಟಿಂಗಿಗೆ ಹೋಗಿದ್ದರು. ನಾಯಕಿಯ ತೋಳು ಸಡಿಲವಾದರೆ ಬಿಗಿ ಮಾಡುವುದು, ಹರಿದರೆ ಹೊಲಿಯುವುದು ಅವರ ಕೆಲಸ. ಒಂದು ದಿನ ಬಸ್ ನಿಲ್ದಾಣದ ದೃಶ್ಯಕ್ಕೆ ಬರಬೇಕಾಗಿದ್ದ ಹುಡುಗಿ ಬರಲಿಲ್ಲ. “ನೀನೇ ನಿಲ್ಲಮ್ಮ” ಎಂದರಂತೆ. ಅತ್ತೆ ನಿಂತರು, ಒಂದು ಮಾತನ್ನೂ ಆಡಿದರು. ಮನೆಗೆ ಬಂದು ಎಲ್ಲರಿಗೂ ಹೇಳಿದರು. ಸಿನಿಮಾ ನಮ್ಮ ಬೀದಿಯ ಟಾಕೀಸಿಗೆ ಬಂದಾಗ ಮನೆಮಂದಿ, ನೆರೆಯವರು ಸೇರಿ ಹದಿನಾಲ್ಕು ಜನ ಸಾಲಾಗಿ ಕೂತರು. ಸಿನಿಮಾ ಶುರುವಾಯಿತು, ಮುಗಿಯಿತು, ದೀಪ ಹತ್ತಿತು. ಅತ್ತೆ ಎಲ್ಲೂ ಇರಲಿಲ್ಲ.

ಆಗ ಅಪ್ಪನಿಗೆ ಎಂಟು ವರ್ಷ. ‘ನಮ್ಮಕ್ಕ ಸಿನಿಮಾದಲ್ಲಿದ್ದಾಳೆ’ ಎಂದು ಇಡೀ ಕ್ಲಾಸಿಗೆ ಸಾರಿಬಿಟ್ಟಿದ್ದರಂತೆ. ಮರುದಿನ ಶಾಲೆಯಲ್ಲಿ ಏನಾಗಿರಬೇಕು ಊಹಿಸಿಕೊಳ್ಳಿ. ಮುಂದೆ ಫೋಟೋಗ್ರಾಫರ್ ಆದರು. ಅಲ್ಲಿಂದ ಇಲ್ಲಿಯವರೆಗೆ ಅಕ್ಕ ಏನೇ ಹೇಳಿದರೂ ಅವರದು ಒಂದೇ ಪ್ರಶ್ನೆ.

“ಟ್ಯಾಂಕು ತುಂಬಿ ಹರೀತಿದೆ ಕಣೋ.”

“ಫೋಟೋ ಇದ್ಯಾ?”

ಎಲ್ಲರೂ ನಗುತ್ತಾರೆ. ಅತ್ತೆಯೂ ನಗುತ್ತಾರೆ, ನಗುತ್ತಲೇ ಎದ್ದು ಹೋಗಿ ಮೋಟರ್ ಆರಿಸುತ್ತಾರೆ. ಅವರ ಆ ನಗು ನನಗೆ ಹಿಡಿಸುತ್ತಿರಲಿಲ್ಲ. ಒಂದು ಸಲ, ಒಂದೇ ಒಂದು ಸಲ, ಅಪ್ಪ ಆ ಪ್ರಶ್ನೆಯನ್ನು ನುಂಗಿಕೊಳ್ಳುವುದನ್ನು ನೋಡಬೇಕೆಂಬ ಆಸೆ ನನಗೆ. ಆದರೆ ಆ ಸಿನಿಮಾದ ಒಂದು ಪ್ರತಿಯೂ ಈಗ ಎಲ್ಲೂ ಉಳಿದಿಲ್ಲ. ನಾನು ಹುಡುಕದ ಜಾಗವಿಲ್ಲ, ಪತ್ರ ಬರೆಯದ ಸಂಗ್ರಹಾಲಯವಿಲ್ಲ.

ಹೀಗಿರುವಾಗ ಹಳೇ ಪೇಪರ್ ಅಂಗಡಿಯಲ್ಲಿ ನನಗೊಂದು ಕಟ್ಟು ಸಿಕ್ಕಿತು. ಟಾಕೀಸಿನ ಗಾಜಿನ ಪೆಟ್ಟಿಗೆಯಲ್ಲಿ ಚುಚ್ಚಿಡುತ್ತಿದ್ದರಲ್ಲ, ಆ ಫೋಟೋಗಳು. ಯಾವುದೋ ಬೇರೆ ಊರಿನ ಟಾಕೀಸಿನವು. ನಾಲ್ಕು ಮೂಲೆಗೂ ಪಿನ್ನಿನ ತೂತು. ಹಿಂಬದಿಯಲ್ಲಿ ಸಿನಿಮಾದ ಹೆಸರು ಬರೆದಿರುತ್ತದೆ, ಒಂದರ ಮೇಲೆ ಮಾತ್ರ ಇರಲಿಲ್ಲ. ನನಗೇ ಉತ್ತರ ಗೊತ್ತಿಲ್ಲದ ಸ್ಟಿಲ್ ಹಾಕುವುದು ನಿಯಮಕ್ಕೆ ವಿರುದ್ಧ. ನಿಯಮ ಮಾಡಿದವಳು ನಾನೇ ಆದ್ದರಿಂದ ಮುರಿದೆ.

ಪರದೆಯ ಮೇಲೆ ಚಿತ್ರ ಬಿತ್ತು. ಚೌಕಳಿ ಶಾಲು ಹೊದ್ದ ಹೆಂಗಸೊಬ್ಬಳ ಬೆನ್ನು, ಕಾಲ ಬಳಿ ಸೂಟ್‌ಕೇಸು. ಆಕೆಯ ಮುಂದೆ ಕಂಬಿ ಹಾಕಿದ ಟಿಕೆಟ್ ಕಿಟಕಿ. ಕಂಬಿಯ ಆಚೆ ಒಬ್ಬ ಹುಡುಗಿ.

“ಆ ಬೆನ್ನು ನಂಗೊತ್ತು!” ಗಡಿಯಾರದ ಮಾಮ ಕೂತಲ್ಲೇ ನೆಗೆದರು. “ಸೇತುವೆ ಪಕ್ಕದ ಮನೆ! ಬರಿ ಹತ್ತು!”

ನನ್ನ ಕೈ ಬರೆಯಲಿಲ್ಲ. ಅಷ್ಟರಲ್ಲಿ ಅವರೇ ರಾಗ ಬದಲಿಸಿದರು.

“ತಡಿ ತಡಿ. ಶಾಲು ಅದೇ, ಸೂಟ್‌ಕೇಸೂ ಅದೇ. ಆದ್ರೆ ಈ ಕಿಟಕಿ ಆ ಸಿನಿಮಾದಲ್ಲಿಲ್ಲ. ಏಳು ಸಲ ನೋಡಿದೀನಿ, ನಮ್ಮ ಟಾಕೀಸಲ್ಲೇ. ಅವಳು ಮನೆ ಬಾಗಿಲು ಎಳ್ಕೊಂಡು ಹೊರಡ್ತಾಳೆ, ಅದರ ಮುಂದೆ ನೋಡಿದ್ರೆ ಬಸ್ಸಲ್ಲಿ ಕೂತಿರ್ತಾಳೆ. ಟಿಕೆಟ್ ಯಾವಾಗ ತಗೊಂಡ್ಲು ಅಂತ ಆಗ್ಲೇ ನಂಗೆ ಅನುಮಾನ ಬಂದಿತ್ತು. ಅಯ್ಯೋ, ಅದಿರ್ಲಿ, ಆ ಹುಡುಗೀನ ನೋಡ್ರಪ್ಪ! ಟಿಕೆಟ್ ಕೊಡೋಳು ಕೊರಳಿಗೆ ಟೇಪು ಹಾಕ್ಕೊಂಡಿದ್ದಾಳೆ! ಪ್ರಯಾಣಿಕರ ಅಳತೆ ನೋಡಿ ಸೀಟು ಕೊಡ್ತಾಳೇನೋ!”

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಪರದೆ ನೋಡಿದೆ. ತಿರುಗಿ ಮೂಲೆ ನೋಡಿದೆ. ಅಲ್ಲೂ ಒಂದು ಟೇಪು, ಹಾಗೆಯೇ ಬಲಗಡೆ ಉದ್ದ, ಎಡಗಡೆ ಗಿಡ್ಡ.

ಅತ್ತೆ ಹೊಲಿಗೆಯ ಕನ್ನಡಕ ತೆಗೆದು ದೂರದ ಕನ್ನಡಕ ಹಾಕಿಕೊಂಡರು. ತುಂಬ ಹೊತ್ತು ನೋಡಿದರು. ಬೆರಳ ಸಂದಿಯಿಂದ ಗುಂಡಿ ಜಾರಿ ನೆಲದ ಮೇಲೆ ಉರುಳಿತು.

“ಶಾಟು ಮುಗಿದ ಮೇಲೆ ಗೊತ್ತಾಯ್ತು ಪುಟ್ಟಿ,” ಎಂದರು, ನನಗೆ ಮಾತ್ರ ಎಂಬಂತೆ. “ಟೇಪು ತೆಗೆದೇ ಇರ್ಲಿಲ್ಲ ನಾನು. ಹೆದರಿಕೊಂಡು ಯಾರಿಗೂ ಹೇಳಲಿಲ್ಲ. ಆಮೇಲೆ ಟಾಕೀಸಲ್ಲಿ ನಾನು ಬರಲಿಲ್ವಲ್ಲ, ಓ, ಯಾರೋ ಟೇಪು ನೋಡ್ಬಿಟ್ರು, ಅದಕ್ಕೇ ಕಿತ್ತು ಹಾಕಿದ್ರು ಅಂದ್ಕೊಂಡೆ. ನಂದೇ ತಪ್ಪು. ಇನ್ನೇನು ಅಂತ ವಾದ ಮಾಡ್ಲಿ?”

ಗಡಿಯಾರದ ಮಾಮನ ನಗು ನಿಂತಿತು. “ಟೈಲರಮ್ಮ, ಅದು ನೀವಾ?”

ಆಗ ಆಪರೇಟರ್ ತಾತ ಬಾಯಿ ಬಿಟ್ಟರು. ಅಷ್ಟು ಹೊತ್ತು ಅವರು ಸುಮ್ಮನಿದ್ದದ್ದೇ ನನಗೆ ಹೊಳೆದಿರಲಿಲ್ಲ.

“ಏಳನೇ ರೀಲು,” ಎಂದರು ಮೆಲ್ಲಗೆ. “ಕೊನೆಯಲ್ಲ. ನಡು.”

ಕೊನೆಗಳನ್ನು ಬಿಟ್ಟು ಬೇರೇನೂ ಗೊತ್ತಿಲ್ಲದ ಮನುಷ್ಯನಿಗೆ ನಡು ಹೇಗೆ ಗೊತ್ತು ಎಂದು ಕೇಳುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿ, ಷಟರಿನ ಕೆಳಗೆ ಬಗ್ಗಿ ಹೊರಟೇಹೋಗಿದ್ದರು.

ಆ ಫೋಟೋ ಹಿಡಿದುಕೊಂಡು ನಾನು ಮನೆಗೆ ಓಡಿದೆ. ಅಪ್ಪ ಬಟ್ಟೆ ಮಡಚುತ್ತಿದ್ದರು. ಅವರ ಮೂಗಿನ ಕೆಳಗೆ ಹಿಡಿದೆ.

“ಕೇಳ್ತಿದ್ರಲ್ಲ, ಫೋಟೋ ಇದ್ಯಾ ಅಂತ? ತಗೊಳ್ಳಿ ಫೋಟೋ.”

ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅಂಚು ನೋಡಿದರು, ಹಿಂಬದಿ ನೋಡಿದರು. ಒಂದು ಕ್ಷಣ ಅವರ ಮುಖ ಎಂಟು ವರ್ಷದ್ದಾಯಿತು. ಆಮೇಲೆ ಮತ್ತೆ ಐವತ್ತೊಂದಾಯಿತು.

“ಅಕ್ಕನೇ. ಸರಿ,” ಎಂದರು. “ಆದ್ರೆ ಇದು ಸ್ಟಿಲ್ಲು ಮಗಳೇ. ಶೂಟಿಂಗಲ್ಲಿ ಫೋಟೋಗ್ರಾಫರ್ ಪಕ್ಕದಲ್ಲಿ ನಿಂತು ಬೇರೆ ಕ್ಯಾಮರಾದಲ್ಲಿ ತೆಗಿಯೋದು. ಅಲ್ಲಿ ಟೀ ಕೊಡ್ತಿದ್ದೋನ ಫೋಟೋನೂ ತೆಗೆದಿರ್ತಾರೆ. ಹಾಗಂತ ಅವನು ಸಿನಿಮಾದಲ್ಲಿದ್ದ ಹಾಗಾ? ಹದಿನಾಲ್ಕು ಜನ ಕಣ್ಣು ಬಿಟ್ಕೊಂಡು ನೋಡಿದೀವಿ. ಇರ್ಲಿಲ್ಲ.”

ನನಗೆ ಸಿಟ್ಟು ಬಂದದ್ದು ಅವರು ಹೇಳಿದ್ದು ತಪ್ಪು ಎಂದಲ್ಲ, ಸರಿ ಎಂದು.

ಸೋಮವಾರ ಸ್ಟುಡಿಯೋ ತೆರೆದು ಹತ್ತು ನಿಮಿಷವಾಗಿರಲಿಲ್ಲ, ಆಪರೇಟರ್ ತಾತ ಬಂದರು. ಬಗಲಲ್ಲಿ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬ. ಫೋಟೋ ತೆಗೆಸಿಕೊಳ್ಳುವವರ ಸ್ಟೂಲಿನ ಮೇಲೆ ಕೂತು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡರು. ಒಂದು ಫೋಟೋ ತೆಗೆದುಬಿಡೋಣ ಎನ್ನಿಸುವಷ್ಟು ನೆಟ್ಟಗೆ ಕೂತಿದ್ದರು.

“ಆ ಸಿನಿಮಾ ಉದ್ದ ಕಣಮ್ಮ,” ಎಂದರು. “ಯಜಮಾನರಿಗೆ ದಿನಕ್ಕೆ ನಾಲ್ಕು ಆಟ ಬೇಕು. ಹನ್ನೊಂದು ನಿಮಿಷ ಜಾಸ್ತಿ ಆಗ್ತಿತ್ತು. ‘ಎಲ್ಲಾದ್ರೂ ಕತ್ತರಿಸೋ’ ಅಂದ್ರು. ಎಲ್ಲ ಕಡೇನೂ ಮಾಡ್ತಿದ್ರು ಆಗ. ಕಥೆ ಕೆಡದ ಹಾಗೆ ಅಲ್ಲಿ ಒಂದಿಷ್ಟು, ಇಲ್ಲಿ ಒಂದಿಷ್ಟು ತೆಗೆದು ಅಂಟಿಸೋದು. ಪ್ರಿಂಟು ಮುಂದಿನ ಊರಿಗೆ ಹೋಗೋವಾಗ ಎಲ್ಲ ತುಂಡೂ ಮತ್ತೆ ಅದರ ಜಾಗಕ್ಕೇ ಸೇರಿಸಿ ಕಳಿಸ್ಬೇಕು. ಸೇರಿಸಿದೆ. ಹದಿನೈದು ದಿನ ಆದ್ಮೇಲೆ ಕ್ಯಾಬಿನ್ ಗುಡಿಸೋವಾಗ ಬೆಂಚಿನ ಹಿಂದೆ ಇದು ಸಿಕ್ತು.”

ಡಬ್ಬದೊಳಗೆ ಒಂದು ಸುರುಳಿ. ಹುಳಿ ವಾಸನೆ ಗಪ್ಪೆಂದು ಬಂತು.

“ಕಳಿಸಿಬಿಡೋಣ ಅಂದೆ. ಯಜಮಾನರು, ‘ಯಾರಿಗೆ ಗೊತ್ತಾಗತ್ತೆ, ಸುಮ್ನಿರು’ ಅಂದ್ರು. ಸುಮ್ನಿದ್ದೆ. ಎಸೆಯೋಕೂ ಮನಸ್ಸು ಬರಲಿಲ್ಲ. ಒಬ್ಬ ಟಿಕೆಟ್ ಕೊಡೋ ಹುಡುಗಿ, ಇವಳಿಲ್ದಿದ್ರೆ ಏನು ಹೋಯ್ತು ಅಂತ ಅಂದ್ಕೊಂಡಿದ್ದೆ ಅಷ್ಟೇ. ಒಂದು ವರ್ಷದಿಂದ ಪ್ರತಿ ವಾರ ಅವಳ ಪಕ್ಕ ಕೂತೇ ಟೀ ಕುಡೀತಿದ್ದೀನಿ ನೋಡು.” ಅವರು ಮುಚ್ಚಳ ಹಾಕಿದರು. “ಇದನ್ನ ನೀನೇ ಅವರಿಗೆ ಕೊಟ್ಟು ಹೇಳ್ಬಿಡು.”

“ನಾನು ಹೇಳಲ್ಲ ತಾತ. ಹದಿನಾರು ಮೆಟ್ಟಿಲು, ಬನ್ನಿ.”

ಹತ್ತುವಾಗ ಎರಡು ಸಲ ನಿಂತರು. ಮಂಡಿ ನೋವು ಎಂದರು.

ಅತ್ತೆ ಒಂದು ಶರ್ಟಿಗೆ ತೋಳು ಕೂಡಿಸುತ್ತಿದ್ದರು. ತಾತ ಬಾಗಿಲ ಹತ್ತಿರ ನಿಂತೇ ಎಲ್ಲ ಹೇಳಿದರು. ನಾನು ಕೇಳಿದ್ದಕ್ಕಿಂತ ಚಿಕ್ಕದಾಗಿ, ಯಜಮಾನರ ಮಾತನ್ನು ಬಿಟ್ಟು, ತಪ್ಪನ್ನೆಲ್ಲ ತಮ್ಮ ತಲೆಗೇ ಕಟ್ಟಿಕೊಂಡು. ಅತ್ತೆಯ ಕಾಲು ಪೆಡಲ್ ತುಳಿಯುವುದು ನಿಲ್ಲಿಸಲಿಲ್ಲ. ತೋಳಿನ ಸುತ್ತು ಪೂರ್ತಿಯಾಗುವವರೆಗೆ ಹೊಲಿದು, ದಾರ ಕತ್ತರಿಸಿ, ಆಮೇಲೆ ತಲೆ ಎತ್ತಿದರು.

“ಟೇಪಿಗಲ್ವಾ ಹಾಗಾದ್ರೆ?”

“ಯಾವ ಟೇಪು?”

“ನನ್ನ ಕೊರಳ ಟೇಪು. ಅದು ಕಾಣಿಸ್ತು ಅಂತ ಕತ್ತರಿಸಿದ್ದಲ್ವಾ?”

“ಟೇಪು ನಾನು ನೋಡಿದ್ದೇ ನಿನ್ನೆ ತಾಯಿ. ಟೈಮಿಗೆ ಕತ್ತರಿಸಿದ್ದು. ಬರೀ ಟೈಮಿಗೆ.”

ಅತ್ತೆ ಡಬ್ಬ ತೆರೆದು ಸುರುಳಿಯ ತುದಿಯನ್ನು ಬೆಳಕಿಗೆ ಹಿಡಿದರು. ಚಿತ್ರ ನೋಡುವ ಮೊದಲು ಅಂಚು ನೋಡಿದರು.

“ಕತ್ತರಿ ಚೆನ್ನಾಗಿತ್ತು,” ಎಂದರು. “ಎಳೆ ಎದ್ದಿಲ್ಲ.” “ಆವತ್ತು ಟಾಕೀಸಿಂದ ಮನೆವರೆಗೂ ನನ್ನ ತಮ್ಮ ನನ್ನ ಕೈ ಹಿಡೀಲಿಲ್ಲ. ಒಬ್ಬನೇ ಮುಂದೆ ಮುಂದೆ ನಡೆದ,” ಎಂದರು.

ತಾತ ಮೆಟ್ಟಿಲ ಕಡೆ ತಿರುಗಿದರು.

“ಕೂತ್ಕೊಳ್ಳಿ,” ಎಂದರು ಅತ್ತೆ. “ನಲವತ್ಮೂರು ವರ್ಷ ಡಬ್ಬೀಲಿಟ್ಟು ಕಾಪಾಡಿದೀರಿ. ನಮ್ಮನೇಲಿ ಯಾರೂ ನನ್ನ ಇಷ್ಟು ಜೋಪಾನ ಮಾಡಿಲ್ಲ.”

ಅವರು ತಮಾಷೆ ಮಾಡಿದರೋ ನಿಜ ಹೇಳಿದರೋ ತಾತನಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ತಾತ ಕೂತರು.

ಆ ವಾರವಿಡೀ ನನ್ನ ಕೆಲಸ ಒಂದೇ. ಸ್ಟುಡಿಯೋದಲ್ಲಿ ಹಳೆಯ ನೆಗೆಟಿವ್‌ಗಳ ಸ್ಕ್ಯಾನರ್ ಇದೆ. ತಾತ ಹತ್ತಿಬಟ್ಟೆಯಲ್ಲಿ ಫಿಲ್ಮು ಒರೆಸಿ ಕೊಡುವುದು, ನಾನು ಆರಾರು ಚಿತ್ರದಂತೆ ಸ್ಕ್ಯಾನ್ ಮಾಡಿ, ಓಡುವ ಹಾಗೆ ಕಂಪ್ಯೂಟರಿನಲ್ಲಿ ಸಾಲಾಗಿ ಜೋಡಿಸುವುದು. ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ, ಮೂವತ್ತೊಂದು ಸೆಕೆಂಡು. ಏಳುನೂರ ನಲವತ್ತನಾಲ್ಕು ಸಲ ಅತ್ತೆಯ ಮುಖ ನೋಡಿದೆ. ನೂರಾ ಹತ್ತನೆಯದರಲ್ಲಿ ಬಾಯಿ ತೆರೆಯುತ್ತಾರೆ, ನೂರಾ ತೊಂಬತ್ತರಲ್ಲಿ ಮುಚ್ಚುತ್ತಾರೆ. ಮಾತು ಮಾತ್ರ ಇಲ್ಲ. ಮಾತು ಫಿಲ್ಮಿನ ಒಂದು ಅಂಚಿನಲ್ಲಿ ಸಣ್ಣ ಗೆರೆಯಾಗಿ ಇರುತ್ತದಂತೆ. ಡಬ್ಬದ ತುಕ್ಕು ಆ ಅಂಚನ್ನೇ ತಿಂದುಹಾಕಿತ್ತು.

“ಯಾವ ಯಂತ್ರಕ್ಕೂ ಇದು ಬಗ್ಗಲ್ಲ,” ಎಂದರು ತಾತ, ಇನ್ನೊಮ್ಮೆ ತಪ್ಪು ಮಾಡಿದವರ ಹಾಗೆ.

ಭಾನುವಾರ ಅಪ್ಪನನ್ನು ಎಳೆದುಕೊಂಡು ಬಂದೆ. ನಾನು ಬಗ್ಗಿ ಒಳಗೆ ಬಂದೆ. ಒಳಗಿನಿಂದ ಅತ್ತೆ ಕೂಗಿದರು, “ತಲೆ ತಗ್ಗಿಸೋ, ಷಟರು ಅರ್ಧ ಇದೆ!”

“ಫೋಟೋ ಇ...” ಎನ್ನುತ್ತಲೇ ಅಪ್ಪ ಹಣೆ ಬಡಿಸಿಕೊಂಡರು.

ಗಡಿಯಾರದ ಮಾಮನಿಗೆ ದಿನದ ಮೊದಲ ಖುಷಿ ಅಲ್ಲೇ ಸಿಕ್ಕಿತು. ಅಪ್ಪ ಹಣೆ ಉಜ್ಜುತ್ತ ಕೂತರು. ಮೊದಲ ಸರದಿ ಹೊಸಬರದು ಎಂದು ನಾನು ಸಾರಿದೆ, ಪರದೆಯ ಮೇಲೆ ಚಿತ್ರ ಹಾಕಿದೆ. ಕಂಬಿಯ ಕಿಟಕಿ, ಆಚೆ ಹುಡುಗಿ.

“ಮೊದಲ ಸುಳಿವು: ಈ ಹುಡುಗಿ ಊಟ ಮಾಡುವಾಗಲೂ ಇದನ್ನ ಕೊರಳಿಂದ ತೆಗಿಯಲ್ಲ.”

“ನೋಡಿದೀನಲ್ಲೇ ಇದನ್ನ. ಅದೇ ಸ್ಟಿಲ್ಲು.”

“ಎರಡನೇ ಸುಳಿವು: ಅದೇ ಅಲ್ಲ.”

“ನಿನ್ನ ಆಟ ನಂಗೆ...”

“ಮೂರನೇ ಸುಳಿವು,” ಎಂದೆ. ಕೀ ಒತ್ತಿದೆ.

ಚಿತ್ರ ಓಡಿತು. ಚೌಕಳಿ ಶಾಲಿನ ಹೆಂಗಸು ಕಿಟಕಿಗೆ ಬಾಗಿದಳು. ಹುಡುಗಿ ಟಿಕೆಟ್ ಹರಿದಳು, ಕಂಬಿಯ ಕೆಳಗಿಂದ ತಳ್ಳಿದಳು. ಹೆಂಗಸು ತೆಗೆದುಕೊಳ್ಳದೆ ಹಾಗೇ ನಿಂತಳು. ಹುಡುಗಿ ಆಕೆಯ ಮುಖ ನೋಡಿ ಏನೋ ಹೇಳಿದಳು. ಹೆಂಗಸು ಟಿಕೆಟ್ ತೆಗೆದುಕೊಂಡಳು, ಸೂಟ್‌ಕೇಸು ಎತ್ತಿದಳು, ಹೋದಳು. ಖಾಲಿ ಕಿಟಕಿಯಿಂದ ಹುಡುಗಿ ಕತ್ತು ಉದ್ದ ಮಾಡಿ ಆಕೆ ಹೋದ ದಿಕ್ಕಿಗೆ ನೋಡಿದಳು. ಟೇಪಿನ ತುದಿ ಕಂಬಿಗೆ ತಗುಲಿ ಅಲುಗಾಡಿತು. ಮುಗಿಯಿತು.

“ಇನ್ನೊಂದ್ಸಲ ಹಾಕು,” ಎಂದರು ಅಪ್ಪ.

ಹಾಕಿದೆ. “ಇನ್ನೊಂದ್ಸಲ.” ಮೂರನೆಯ ಸಲ ಅವರು ಪರದೆಯ ಹತ್ತಿರ ಹೋಗಿ ನಿಂತು ನೋಡಿದರು. ಹುಡುಗಿಯ ಮುಖದ ಬೆಳಕು ಅವರ ಶರ್ಟಿನ ಮೇಲೆಲ್ಲ ಬಿತ್ತು. ತಾತ ಅವರ ಬೆನ್ನಿಗೆ ಹೇಳಿದರು, “ಕತ್ತರಿಸಿದ್ದು ನಾನು ಸ್ವಾಮಿ. ನಮ್ಮ ಟಾಕೀಸಿಗೆ ಬರೋ ಮುಂಚೆ ಇದು ಸಿನಿಮಾದಲ್ಲೇ ಇತ್ತು.”

ಅಪ್ಪ ತಲೆಯಾಡಿಸಿದರು. ತಿರುಗಿದಾಗ ಕಣ್ಣು ಒರೆಸಿಕೊಂಡರೋ ಹಣೆಯ ಊತ ಮುಟ್ಟಿಕೊಂಡರೋ ಗೊತ್ತಾಗಲಿಲ್ಲ.

“ಟೇಪು ತೆಗಿಯೋಕೆ ಏನಾಗಿತ್ತೇ ಅಕ್ಕ ನಿಂಗೆ?”

“ಮರೆತೆ ಕಣೋ.”

“ಅಲ್ಲಿ ಏನಂದೆ? ಮಾತು ಕೇಳಿಸ್ತಿಲ್ಲ.”

ಅತ್ತೆ ಹೊಲಿಗೆ ಕೆಳಗಿಟ್ಟರು. “‘ವಾಪಸ್ ಬರೋದಕ್ಕೂ ಟಿಕೆಟ್ ಇಲ್ಲೇ ಸಿಗತ್ತೆ’ ಅಂದೆ. ಬರ್ಕೊಟ್ಟಿದ್ದು ‘ಚಿಲ್ಲರೆ ಕೊಡಿ’ ಅಂತ ಇತ್ತು. ಆದ್ರೆ ಅವಳು ಮನೆ ಬಿಟ್ಟು ಹೋಗ್ತಿದ್ದಾಳೆ, ಚಿಲ್ಲರೆ ಕೇಳೋದಾ? ನಂಗೆ ಮನಸ್ಸಾಗಲಿಲ್ಲ. ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ನಿರ್ದೇಶಕರು ಎದ್ದು ಬಂದು, ‘ಇದೇ ಇರ್ಲಿ’ ಅಂದ್ರು.”

ಗಡಿಯಾರದ ಮಾಮ ಅಪ್ಪನ ಕಡೆ ತಿರುಗಿದರು. ತಾತ ತಿರುಗಿದರು. ನಾನಂತೂ ಮೊದಲೇ ತಿರುಗಿದ್ದೆ. ಸದ್ದಿಲ್ಲದ ಮೂವತ್ತೊಂದು ಸೆಕೆಂಡು ಬಿಟ್ಟರೆ ಆ ಮಾತಿಗೆ ಈ ಲೋಕದಲ್ಲಿ ಯಾವ ಆಧಾರವೂ ಇರಲಿಲ್ಲ. ಅಪ್ಪ ಬಾಯಿ ತೆರೆದರು. ಅಕ್ಕನನ್ನು ನೋಡಿದರು. ಮುಚ್ಚಿದರು.

“ಅಂದಿರ್ತೀಯ,” ಎಂದರು. “ನಿನ್ನ ಬಾಯಿ ನಂಗೊತ್ತಿಲ್ವಾ?”

ಅತ್ತೆ ಸೂಜಿಗೆ ದಾರ ಪೋಣಿಸಲು ನೋಡಿದರು. ಎರಡು ಸಲ ತಪ್ಪಿತು. ಅಪ್ಪ ಸೂಜಿ ಇಸಿದುಕೊಂಡು ಪೋಣಿಸಿ ಕೊಟ್ಟರು.

“ಎಲ್ಲ ಸರಿ,” ಎಂದರು ಗಡಿಯಾರದ ಮಾಮ, “ಮೂರು ಸುಳಿವು ಮುಗೀತು. ಇವರು ಸಿನಿಮಾದ ಹೆಸರೇ ಹೇಳಲಿಲ್ಲ.”

ನಿಯಮ ನಿಯಮವೇ. ಐದು ಟೀ ತರಲು ಅಪ್ಪ ಎದ್ದರು. ಬಾಗಿಲ ಹತ್ತಿರ ಹೋಗುವಾಗಲೂ ಹಿಂತಿರುಗಿ ಪರದೆಯನ್ನೇ ನೋಡುತ್ತಿದ್ದರು.

“ತಲೆ ಕಣೋ,” ಎಂದರು ಅತ್ತೆ.

ಅಪ್ಪ ಷಟರಿನ ಕಡೆ ನೋಡಲೂ ಇಲ್ಲ. ಹಾಗೇ ತಲೆ ತಗ್ಗಿಸಿ ಆಚೆ ಹೋದರು.